ಕಟ್ಟೆಯ ಸವಾಲು, ಬಾನುಲಿಯ ಜವಾಬು

ಸಂಜೆ ರೇಡಿಯೋ ಹಚ್ಚಿದಾಗ ಯಾವುದೋ ಹಳ್ಳಿಯ ರೈತನೊಬ್ಬನು ದೂರವಾಣಿಯಲ್ಲಿ ತನ್ನ ಹೆಸರನ್ನೂ ಊರನ್ನೂ ಹೇಳಿ, ಕಬ್ಬಿನ ಗರಿ ಕೆಂಪಾಗಿದೆ, ಏನು ಹೊಡೆಯಬೇಕು ಎಂದು ಕೇಳುತ್ತಾನೆ. ಕೇಂದ್ರದಲ್ಲಿ ಕುಳಿತ ತಜ್ಞರು ಉತ್ತರ ಕೊಡುತ್ತಾರೆ. ಉತ್ತರ ಸಾಲದಿದ್ದರೆ ಆತ ಮತ್ತೆ ಕೇಳುತ್ತಾನೆ, ಒಮ್ಮೊಮ್ಮೆ ವಾದಕ್ಕೂ ನಿಲ್ಲುತ್ತಾನೆ. ಇದರಲ್ಲಿ ನಿಮಗೆ ಯಾವ ವಿಶೇಷವೂ ತೋರಲಿಕ್ಕಿಲ್ಲ. ಆದರೆ ಕೇಳುವವನ ದನಿ ಆ ಪೆಟ್ಟಿಗೆಯೊಳಗೆ ಪ್ರವೇಶ ಪಡೆಯಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅಷ್ಟು ಕಾಲ ಏಕೆ ಹಿಡಿಯಿತು, ಅದರಿಂದ ಲಾಭವೇನಾಯಿತು, ನಷ್ಟವೇನಾಯಿತು ಎಂಬುದನ್ನು ಗಡಿಸೀಮೆಯ ಒಂದು ಹಳ್ಳಿಯ ಕಡೆಯಿಂದ ನೋಡೋಣ.

ಆ ಹಳ್ಳಿ ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಘೋಡಗೇರಿ. ಚಂದ್ರಶೇಖರ ಕಂಬಾರರ ಹುಟ್ಟೂರೆಂದು ಅದರ ಹೆಸರನ್ನು ನೀವು ಕೇಳಿರುತ್ತೀರಿ. ಕಂಬಾರರು 1937ರ ಜನವರಿ 2ರಂದು ಅಲ್ಲಿ ಜನಿಸಿದರು. ಪ್ರೌಢಶಾಲೆಗೆ ಗೋಕಾಕಕ್ಕೆ ಹೋದರು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ತಂದರು. ಆದರೆ ಇಲ್ಲಿ ನಮಗೆ ಬೇಕಾದುದು ಒಬ್ಬ ಕವಿಯ ಚರಿತ್ರೆಯಲ್ಲ, ಅಂಥ ಕವಿಯನ್ನು ಬೆಳೆಸಿದ ಸೀಮೆಯ ಮಾತಿನ ಪದ್ಧತಿ.

ಈ ಸೀಮೆಯಲ್ಲಿ ಕೂಡಿದ ಜನರಿಗೆ 'ದೈವ' ಎನ್ನುತ್ತಾರೆ. ಗುಡಿಯೊಳಗಿನ ದೇವರು ಬೇರೆ, ಕಟ್ಟೆಯ ಮೇಲಿನ ದೈವ ಬೇರೆ. ಊರ ವ್ಯಾಜ್ಯ ಬಂದರೆ ದೈವ ಕೂಡಬೇಕು. ಬಯಲಾಟ ಕಟ್ಟಿದರೆ ಮೊದಲು ಕುಳಿತ ದೈವಕ್ಕೆ ಶರಣೆನ್ನಬೇಕು. ಗೀಗೀ ಮೇಳಗಳವರಂತೂ ಮಾತನ್ನು ಮಲ್ಲಯುದ್ಧವಾಗಿಯೇ ಮಾಡಿಕೊಂಡರು. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿ ಸವಾಲು ಹಾಕಿದರೆ, ನಾಗೇಶಿಯವರು ಹೆಣ್ಣು ಹೆಚ್ಚೆಂದು ಜವಾಬು ಕೊಡಬೇಕು. ಡಪ್ಪು, ತುಂತುಣಿಗಳ ನಡುವೆ ಬೆಳತನಕ ನಡೆಯುವ ಈ ವಾದದಲ್ಲಿ ಜವಾಬು ತಪ್ಪಿದ ಮೇಳಕ್ಕೆ ಮರ್ಯಾದೆಯಿಲ್ಲ. ರಾಮದುರ್ಗದ ಕಡೆಯ ಹುಲಕುಂದದ ಭೀಮಕವಿಯಂಥವರು ಸ್ವಾತಂತ್ರ್ಯ ಚಳವಳಿಯನ್ನೂ ಇದೇ ಗೀಗೀ ಧಾಟಿಯಲ್ಲಿ ಹಾಡಿ ಹಳ್ಳಿಗೆ ಮುಟ್ಟಿಸಿದರು. ಎಂದಮೇಲೆ, ಹಳ್ಳಿಗರಿಗೆ ರಾಜಕೀಯ ಚರ್ಚೆಯನ್ನು ಕಲಿಸಲು ರೇಡಿಯೋ ಬರಬೇಕಾಯಿತೆಂದು ಯಾರಾದರೂ ಬರೆದರೆ ನಂಬಬೇಡಿರಿ. ಚರ್ಚೆ ಮೊದಲೇ ಇತ್ತು. ಅದರ ನಡುವೆ ರೇಡಿಯೋ ಬಂದು ಕುಳಿತಿತು. ಆ ಹೊಸ ಅತಿಥಿಗೆ ಬಾಯಿ ಮಾತ್ರ ಇತ್ತು, ಕಿವಿ ಇರಲಿಲ್ಲ.

ಅತಿಥಿಯ ಹೆಸರಿನಲ್ಲಿಯೇ ಆ ಗುಣ ಅಡಗಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸಪ್ಟೆಂಬರದಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವ್ಯಾಟಿನ ಪುಟ್ಟ ಯಂತ್ರದಿಂದ ಪ್ರಸಾರ ಆರಂಭಿಸಿದರು. ಆ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದಿತು. ಹೆಸರಿಟ್ಟ ಕೀರ್ತಿ ನಾ. ಕಸ್ತೂರಿಯವರದೆಂದು ಹೇಳುವುದುಂಟು. 1942ರಲ್ಲಿ ಮೈಸೂರು ಸಂಸ್ಥಾನವೂ 1950ರ ಏಪ್ರಿಲಿನಲ್ಲಿ ಭಾರತ ಸರ್ಕಾರವೂ ಕೇಂದ್ರವನ್ನು ವಹಿಸಿಕೊಂಡವು. 1955ರ ನವೆಂಬರದಲ್ಲಿ ಅದು ಬೆಂಗಳೂರಿಗೆ ಹೋಯಿತು. ಅದೇ ದಶಕದಲ್ಲಿ ಇಡೀ ದೇಶದ ಪ್ರಸಾರಕ್ಕೂ ಆ ಹೆಸರು ಸಂದಿತು. ಹೆಸರು ಸೊಗಸಾದುದೇ. ಆದರೆ ಪುರಾಣ ಓದಿದವರು ಒಂದು ಮಾತು ನೆನೆಯಬೇಕು. ದೇವಕಿಯ ರಥ ಹೊಡೆಯುತ್ತಿದ್ದ ಕಂಸನಿಗೆ ಅಶರೀರವಾಣಿಯಾಯಿತು. ಅವನು ಕೇಳಿದನು, ನಡುಗಿದನು, ಕತ್ತಿ ಹಿರಿದನು. "ಅದು ಹೇಗೆ?" ಎಂದು ತಿರುಗಿ ಕೇಳುವ ದಾರಿ ಅವನಿಗಿರಲಿಲ್ಲ. ಪುರಾಣಗಳಲ್ಲಿ ಆಕಾಶದಿಂದ ವಾಣಿ ಇಳಿಯುತ್ತದೆಯೇ ಹೊರತು ಭೂಮಿಯ ಪ್ರಶ್ನೆ ಮೇಲೇರುವುದು ಅಪರೂಪ.

ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಮುಂಬಯಿಯ ಪ್ರಸಾರದಲ್ಲಿ ಕನ್ನಡಕ್ಕೆ ಮೂಲೆಯಲ್ಲೊಂದಿಷ್ಟು ಜಾಗ. ಉಳಿದ ಹೊತ್ತೆಲ್ಲ ಮರಾಠಿ, ಗುಜರಾತಿ, ಇಂಗ್ಲಿಷು. ಇಂಥ ಸ್ಥಿತಿಯಲ್ಲಿ 1950ರ ಜನವರಿ 8ರಂದು ಧಾರವಾಡ ಕೇಂದ್ರ ಆರಂಭವಾಯಿತು. ಧಾರವಾಡದವರೇ ಆದ ರಂಗನಾಥ ದಿವಾಕರರು ಆಗ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಗಳಾಗಿದ್ದರು. ತಾರೀಖುಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿರಿ. ಘೋಡಗೇರಿಯ ಹುಡುಗ ಚಂದ್ರಶೇಖರನಿಗೆ ಹದಿಮೂರು ತುಂಬಿ ಆರು ದಿನವಾಗಿತ್ತು. ಭಾರತ ಗಣರಾಜ್ಯವಾಗಲು ಇನ್ನೂ ಹದಿನೆಂಟು ದಿನ ಬೇಕಿತ್ತು. ಕನ್ನಡ ಜಿಲ್ಲೆಗಳು ಒಂದು ರಾಜ್ಯವಾಗಿ ಕೂಡಲು ಆರು ವರ್ಷ ಹತ್ತು ತಿಂಗಳು ಬಾಕಿಯಿತ್ತು. ನೆಲದ ಮೇಲೆ ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರಗಳು ಮುಂಬಯಿಗೆ ಸೇರಿದ್ದಾಗಲೇ ಗಾಳಿಯಲ್ಲಿ ಅವುಗಳಿಗೆ ತಮ್ಮದೇ ಆದ ಒಂದು ಕನ್ನಡದ ಮನೆ ದೊರೆಯಿತು. ಏಕೀಕರಣದ ಇತಿಹಾಸ ಬರೆಯುವವರು ಸಭೆ, ಠರಾವು, ಸತ್ಯಾಗ್ರಹಗಳ ಲೆಕ್ಕವಿಟ್ಟಷ್ಟು ಶ್ರದ್ಧೆಯಿಂದ ಈ ಸಂಗತಿಯ ಲೆಕ್ಕವಿಟ್ಟಿಲ್ಲವೆಂದು ನನ್ನ ಅಭಿಪ್ರಾಯ.

ಮನೆಯೇನೋ ಸಿಕ್ಕಿತು, ಅದರಲ್ಲಿ ಯಾವ ಕನ್ನಡ ಮಾತಾಡಬೇಕು? ಆ ಕಾಲದ ಬಾನುಲಿ ಭಾಷಣವೆಂದರೆ ಮೊದಲೇ ಬರೆದು, ಕೇಂದ್ರಕ್ಕೆ ಒಪ್ಪಿಸಿ, ಒಪ್ಪಿಗೆಯಾದ ಮೇಲೆ ಗಡಿಯಾರ ನೋಡಿಕೊಂಡು ಓದುವ ಬರಹ. ಪಂಡಿತರ ಕನ್ನಡಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಪಟ್ಟಣದ ನಡುಮನೆಯಲ್ಲಿ, ಅಂಚೆ ಕಚೇರಿಗೆ ವರ್ಷದ ಲೈಸೆನ್ಸು ಹಣ ಕಟ್ಟಿ ರೇಡಿಯೋ ಇಟ್ಟುಕೊಂಡಿದ್ದ ವಕೀಲರು, ಮಾಸ್ತರರು, ವ್ಯಾಪಾರಿಗಳು ಅದನ್ನು ಗೌರವದಿಂದ ಕೇಳಿದರು. ಹಳ್ಳಿಯ ಚಾವಡಿಯ ಮುಂದೆ ಸಾರ್ವಜನಿಕ ರೇಡಿಯೋ ಇಟ್ಟಲ್ಲಿ ಆ ಭಾಷಣ ನಿಲ್ಲಲಿಲ್ಲ. ಹಳ್ಳಿಗರ ಕಾರ್ಯಕ್ರಮಗಳಿಗಾಗಿ ಆಕಾಶವಾಣಿಯವರು ದೇಶದ ಎಲ್ಲ ಕಡೆಗೂ ಒಂದು ಉಪಾಯ ಹೂಡಿದ್ದರು: ಇಬ್ಬರು ಮೂವರು ಪಾತ್ರಗಳನ್ನು ನಿರ್ಮಿಸಿ, ಆಯಾ ಸೀಮೆಯ ಆಡುಮಾತಿನಲ್ಲಿ ಸಂವಾದ ನಡೆಸುವುದು. ಮಾದರಿಗೆ ನಾನೇ ಕಟ್ಟಿ ಹೇಳುವುದಾದರೆ, "ಏನ್ ಮಾವಾ, ಬಿತ್ತಿಗಿ ಮುಗೀತೇನು?" ಎಂದು ಒಬ್ಬ ಕೇಳಬೇಕು, "ಎಲ್ಲೀದಪಾ, ಮಳೀನ ಕೈ ಕೊಟ್ಟೈತಿ" ಎಂದು ಇನ್ನೊಬ್ಬ ಅನ್ನಬೇಕು, ಅಲ್ಲಿಂದ ಮಾತು ಬೀಜೋಪಚಾರಕ್ಕೆ ತಿರುಗಬೇಕು. ಇದನ್ನೂ ಬರೆದೇ ಓದುತ್ತಿದ್ದರೆಂಬುದು ನಿಜ. ಆದರೂ ಅದು ಸಣ್ಣ ಸಂಗತಿಯಲ್ಲ. ಸರ್ಕಾರದ ಪೆಟ್ಟಿಗೆಯೊಳಗಿಂದ ಮಾವ, ಅಳಿಯ, ಕಾಕಾ, ಯಕ್ಕಾ ಎಂಬ ಕರೆಗಳು ಬಂದವು. ಅಲ್ಲಿಯವರೆಗೆ ಸರ್ಕಾರದವರು ಹಳ್ಳಿಯವನಿಗೆ 'ಸದರ ಅರ್ಜಿದಾರ'ನೆಂಬ ಸಂಬಂಧದಲ್ಲಿ ಮಾತ್ರ ಪರಿಚಿತರು.

ಧಾರವಾಡದ ಕೇಂದ್ರಕ್ಕೆ ಒಳ್ಳೆಯ ಮಾತುಗಾರರ ಬಲವಿತ್ತು. ಎನ್ಕೆಯವರು, ಎಂದರೆ ಎನ್. ಕೆ. ಕುಲಕರ್ಣಿಯವರು, ಅಲ್ಲಿ ದುಡಿದರು. ದ. ರಾ. ಬೇಂದ್ರೆಯವರು 1956ರಿಂದ ಸಲಹೆಗಾರರಾಗಿದ್ದರು. ಮಾತನ್ನೇ ಮಂತ್ರ ಮಾಡಿದ ಅವರಿಗೆ ಧ್ವನಿವರ್ಧಕದ ಮುಂದೆ ಮಾತಾಡಲು ಯಾರೂ ಕಲಿಸಬೇಕಾಗಿರಲಿಲ್ಲ. ಗೋಕಾಕ ತಾಲ್ಲೂಕಿನ ಬೆಟಗೇರಿಯವರಾದ ಕೃಷ್ಣಶರ್ಮರು, ನಮ್ಮ 'ಆನಂದಕಂದ'ರು, ಜನಪದ ಗೀತೆಗಳನ್ನು ಕೂಡಿಸಿ ಈ ಸೀಮೆಯ ನುಡಿಗೆ ಪಟ್ಟಣದಲ್ಲಿ ಮನ್ನಣೆ ಗಳಿಸಿದ್ದರು. ಘೋಡಗೇರಿಯ ಕವಿ 1964ರಲ್ಲಿ 'ಹೇಳತೇನ ಕೇಳ' ಎಂಬ ದೀರ್ಘ ಕವಿತೆ ಪ್ರಕಟಿಸಿದಾಗ, ಆ ಹೆಸರೇ ಕಟ್ಟೆಯ ಮೇಲಿನ ಕರೆಯಾಗಿತ್ತು. ತರಗತಿಯಲ್ಲಿ ಹುಡುಗರ 'ಹೇಳತೇನ'ವನ್ನು 'ಹೇಳುತ್ತೇನೆ' ಎಂದು ತಿದ್ದುವುದು ನನ್ನ ಕಸುಬು. ಆದರೆ ಅಚ್ಚಿನ ಪುಸ್ತಕಕ್ಕೂ ಬಾನುಲಿಗೂ ಕಾಲಿಡುವ ಹಕ್ಕು ಆ ರೂಪಕ್ಕೆ ದಕ್ಕಿದ್ದು ಕನ್ನಡದ ಭಾಗ್ಯವೆಂದು ನಾನು ಒಪ್ಪುತ್ತೇನೆ.

ಇನ್ನು ಕಿವಿಯ ಮಾತಿಗೆ ಬರೋಣ. ರೇಡಿಯೋಕ್ಕೆ ಕಿವಿ ಮೂಡಿಸುವ ಮೊದಲನೆಯ ದೊಡ್ಡ ಪ್ರಯತ್ನ ನಡೆದುದು ಹುಕ್ಕೇರಿ ತಾಲ್ಲೂಕಿನ ನೆರೆಯಲ್ಲಿಯೇ. ಕೆನಡಾ ದೇಶದಲ್ಲಿ 1941ರಿಂದ ರೈತರ ಗುಂಪುಗಳು ಕೂಡಿ ರೇಡಿಯೋ ಕೇಳಿ, ಕೇಳಿದ್ದನ್ನು ಚರ್ಚಿಸಿ, ತಮ್ಮ ಅಭಿಪ್ರಾಯವನ್ನು ಕೇಂದ್ರಕ್ಕೆ ತಿಳಿಸುವ ಪದ್ಧತಿ ಬೆಳೆದಿತ್ತು. ಯುನೆಸ್ಕೋ ಸಂಸ್ಥೆಯ ನೆರವಿನಿಂದ ಆಕಾಶವಾಣಿಯವರು ಅದನ್ನು 1956ರ ಫೆಬ್ರುವರಿಯಿಂದ ಏಪ್ರಿಲಿನವರೆಗೆ ಪುಣೆ ಕೇಂದ್ರದ ಮೂಲಕ ಪರೀಕ್ಷಿಸಿದರು. ಪುಣೆ, ಅಹಮದನಗರ, ನಾಶಿಕ, ಉತ್ತರ ಸಾತಾರಾ, ಕೊಲ್ಹಾಪುರ ಎಂಬ ಐದು ಜಿಲ್ಲೆಗಳ 150 ಹಳ್ಳಿಗಳನ್ನು ಆರಿಸಿಕೊಂಡರು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರಕ್ಕೆ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ಎಷ್ಟು ಹತ್ತಿರವೆಂಬುದು ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು.

ವಾರಕ್ಕೆ ಎರಡು ಸಂಜೆ, ಅರ್ಧ ಅರ್ಧ ಗಂಟೆಯಂತೆ, ಹತ್ತು ವಾರಗಳಲ್ಲಿ 20 ಕಾರ್ಯಕ್ರಮಗಳು ಮರಾಠಿಯಲ್ಲಿ ಪ್ರಸಾರವಾದವು. ಪ್ರತಿ ಹಳ್ಳಿಯಲ್ಲಿ ಇಪ್ಪತ್ತರವರೆಗೆ ಸದಸ್ಯರ ಒಂದು ಗೋಷ್ಠಿ. ಅದಕ್ಕೊಬ್ಬ ಅಧ್ಯಕ್ಷ, ಒಬ್ಬ ಸಂಚಾಲಕ. ಓದು ಬರಹ ಬಲ್ಲವನೇ ಸಂಚಾಲಕನಾಗಬೇಕಾದ್ದರಿಂದ ಆ ಕೆಲಸ ಅನೇಕ ಕಡೆ ಸಾಲೆಯ ಮಾಸ್ತರರ ಪಾಲಿಗೆ ಬಂದಿತು. ಊರಲ್ಲಿ ಏನೇ ಹೊಸದು ಬಂದರೂ ಅದರ ದಫ್ತರ ಮಾಸ್ತರರ ಕೈಗೆ ಬರುವುದು ನಮ್ಮ ದೇಶದ ಸನಾತನ ಧರ್ಮವಲ್ಲವೆ! ಕಾರ್ಯಕ್ರಮ ಮುಗಿದೊಡನೆ ಯಂತ್ರ ಆರಿಸಿ ಚರ್ಚೆ ಆರಂಭಿಸುವುದು. ಚರ್ಚೆಯ ಸಾರವನ್ನೂ ಬಗೆಹರಿಯದ ಪ್ರಶ್ನೆಗಳನ್ನೂ ಬರೆದು ಅಂಚೆಯಲ್ಲಿ ಕೇಂದ್ರಕ್ಕೆ ಕಳುಹಿಸುವುದು. ಮುಂದಿನ ಪ್ರಸಾರದಲ್ಲಿ ಅವುಗಳಿಗೆ ಉತ್ತರ ಕೇಳುವುದು. ಪೆಟ್ಟಿಗೆಯನ್ನು ಆರಿಸಿದ ಮೇಲೆಯೇ ಕಾರ್ಯಕ್ರಮದ ಮುಖ್ಯ ಭಾಗ ಮೊದಲಾಗುತ್ತದೆಂಬುದು ಬಾನುಲಿಯ ಇತಿಹಾಸದಲ್ಲಿ ಹೊಸ ವಿಚಾರವಾಗಿತ್ತು.

ಫಲವನ್ನು ಪರೀಕ್ಷಿಸಿದವರು ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಕಡೆಯಿಂದ ಪಾಲ್ ನ್ಯೂರಾತ್ ಎಂಬ ವಿದ್ವಾಂಸರು. ಅವರು ಮಾಡಿದ ಹೋಲಿಕೆ ಜಾಣತನದ್ದು. ಗೋಷ್ಠಿಯಿದ್ದ ಹಳ್ಳಿಗಳು, ಗೋಷ್ಠಿಯಿಲ್ಲದೆ ಬರಿಯ ರೇಡಿಯೋ ಇದ್ದ ಹಳ್ಳಿಗಳು, ಎರಡೂ ಇಲ್ಲದ ಹಳ್ಳಿಗಳು, ಹೀಗೆ ಮೂರು ಬಗೆಯ ಊರುಗಳ ಜನರನ್ನು ಪ್ರಯೋಗಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ವಿಚಾರಿಸಿದರು. ಗೋಷ್ಠಿಯಿದ್ದಲ್ಲಿ ತಿಳಿವಳಿಕೆ ಗಣನೀಯವಾಗಿ ಹೆಚ್ಚಿತ್ತು. ಉಳಿದ ಊರುಗಳಲ್ಲಿ, ರೇಡಿಯೋ ಇದ್ದಲ್ಲಿಯೂ ಸೇರಿ, ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಓದು ಬಾರದವರೂ ಚರ್ಚೆಯಲ್ಲಿ ಹಿಂದೆ ಬೀಳಲಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಗೋಷ್ಠಿಗಳು ಬೇಗನೆ ಊರ ಕೆಲಸಗಳ ನಿರ್ಧಾರ ಮಾಡುವ ಕೂಟಗಳಾಗತೊಡಗಿದವೆಂಬ ವರದಿ. ಅಧಿಕಾರಿಗಳಿಗೆ ಇದು ಆಶ್ಚರ್ಯವೆನಿಸಿರಬಹುದು. ದೈವ ಕೂಡುವ ಪದ್ಧತಿ ಬಲ್ಲ ನಮಗೆ ಆಶ್ಚರ್ಯವೇನೂ ಇಲ್ಲ. ಜನರನ್ನು ಒಂದೆಡೆ ಕೂಡಿಸಿ ಸವಾಲಿಗೆ ಅವಕಾಶ ಕೊಟ್ಟರೆ ಅವರು ಜವಾಬು ಕೇಳಿ ಸುಮ್ಮನಿರುವವರಲ್ಲ. ಮುಂದೇನು ಮಾಡೋಣ ಎಂದೂ ಕೇಳುತ್ತಾರೆ.

ಆದರೆ ಯಾವ ಸವಾಲಿಗೆ ಅವಕಾಶವಿತ್ತು? ಅದೇ 1956ರ ಜನವರಿ 16ರಂದು ಪ್ರಧಾನಿ ನೆಹರೂ ಅವರು ಮುಂಬಯಿ ನಗರವನ್ನು ಕೇಂದ್ರಾಡಳಿತಕ್ಕೆ ಒಳಪಡಿಸುವ ನಿರ್ಧಾರವನ್ನು ಬಾನುಲಿಯ ಮೂಲಕ ಸಾರಿದ್ದರು. ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಹಿಂದಿನ ಅಕ್ಟೋಬರದಲ್ಲಿಯೇ ಹೊರಬಿದ್ದಿತ್ತು. ಚಂದಗಡ ತಾಲ್ಲೂಕನ್ನುಳಿದು ಬೆಳಗಾವಿ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಬೇಕೆಂದು ಅದರ ಶಿಫಾರಸು. ಮುಂಬಯಿ ರಾಜ್ಯದ ಊರೂರಿನಲ್ಲಿ ಬೇರೆ ಮಾತೇ ಇರಲಿಲ್ಲ. ಬೆಳಗಾವಿ ಸೀಮೆಯಲ್ಲಂತೂ ಒಂದೇ ಕಟ್ಟೆಯ ಮೇಲೆ ಕನ್ನಡ, ಮರಾಠಿ ಎರಡನ್ನೂ ಆಡುವ ಜನ ಎರಡು ಪಕ್ಷವಾದರು. ಇಷ್ಟಾಗಿ ಒಂದು ತಿಂಗಳಿಗೆ ಪುಣೆಯ ಪ್ರಯೋಗ ಆರಂಭವಾಯಿತು. ಅದರ ಚರ್ಚೆಯ ವಿಷಯಗಳು ಕೃಷಿ, ಆರೋಗ್ಯ, ಪಂಚಾಯತಿ, ಸಹಕಾರ ಮುಂತಾದವು. ಊರು ಯಾವ ರಾಜ್ಯಕ್ಕೆ ಸೇರಬೇಕೆಂಬುದು ಆಕಾಶದಿಂದ ಇಳಿಯಿತು. ಗೊಬ್ಬರದ ಕುಳಿ ಎಷ್ಟು ಆಳವಿರಬೇಕೆಂಬುದಕ್ಕೆ ಮಾತ್ರ ಪ್ರಶ್ನೆ ಕೇಳಬಹುದಾಗಿತ್ತು. ಉರಿಯುವ ಗಡಿಯ ಮೇಲೆ ಸರ್ಕಾರಿ ಬಾನುಲಿ ಎಚ್ಚರದಿಂದ ನಡೆದುದನ್ನು ನಾನು ತಪ್ಪೆನ್ನಲಾರೆ. ಒಂದು ಬಿರುಸು ಮಾತಿನಿಂದ ತಲೆ ಒಡೆಯುವ ದಿನಗಳವು. ಆದರೂ ಅಂದು ಮುಚ್ಚಿದ ಬಾಗಿಲು ಬೆಂಕಿ ಆರಿದ ಮೇಲೆಯೂ ತೆರೆಯಲಿಲ್ಲವೆಂಬುದನ್ನು ಹೇಳಲೇಬೇಕು. ವ್ಯಕ್ತಿಯ ಹೆಸರು ಹಿಡಿದಾಗಲಿ ಪಕ್ಷದ ಹೆಸರು ಹಿಡಿದಾಗಲಿ ಟೀಕಿಸಬಾರದೆಂಬ ನಿಯಮ ಬಾನುಲಿಯ ಮಾತಿಗೆಲ್ಲ ಬೇಲಿಯಾಯಿತು. ಹಳ್ಳಿಯಲ್ಲಿ ಹೆಸರಿಲ್ಲದ ರಾಜಕೀಯವೆಲ್ಲಿದೆ?

1959ರ ನವೆಂಬರದಲ್ಲಿ ಗ್ರಾಮ ಗೋಷ್ಠಿಯ ಯೋಜನೆ ಇಡೀ ದೇಶಕ್ಕೆ ವಿಸ್ತರಿಸಿತು. ವಿಸ್ತಾರವಾದಂತೆ ಕಸುವು ತಗ್ಗಿತು. ವಿದ್ಯುತ್ತಿಲ್ಲದ ಊರಲ್ಲಿ ಬ್ಯಾಟರಿ ಇಳಿದರೆ ರೇಡಿಯೋ ಮೂಕ; ಕೆಟ್ಟ ಯಂತ್ರ ತಾಲ್ಲೂಕಿಗೆ ಹೋದರೆ ಬೇಗ ಬಾರದು; ಬರೆದ ಪ್ರಶ್ನೆಗೆ ಉತ್ತರ ಬಾರದಿದ್ದರೆ ಮುಂದಿನ ವಾರ ಬರೆಯುವವರಾರು? ಅಷ್ಟರಲ್ಲಿ ಟ್ರಾನ್ಸಿಸ್ಟರು ಬಂದಿತು. ಚಾವಡಿಯ ಮುಂದೆ ಕೂಡಿ ಕೇಳುತ್ತಿದ್ದುದನ್ನು ಒಬ್ಬೊಬ್ಬನೂ ಹೊಲದ ಬದುವಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ ತನಗೆ ಬೇಕಾದಾಗ ಕೇಳತೊಡಗಿದನು. ಕೇಳುವವರ ಸಂಖ್ಯೆ ಏರಿತು, ಗೋಷ್ಠಿ ಒಡೆಯಿತು. ಚಾವಡಿಯ ಗೋಷ್ಠಿಗೆ ಬಾರದಿದ್ದ ಹೆಂಗಸರಿಗೆ ಮಾತ್ರ ಇದರಿಂದ ಉಪಕಾರವಾಯಿತು. ರೇಡಿಯೋ ಅವರ ಅಡಿಗೆಮನೆಗೇ ನಡೆದು ಬಂದಿತು. 1966ರಿಂದ ಆಕಾಶವಾಣಿಯಲ್ಲಿ ಕೃಷಿ ಮತ್ತು ಗೃಹ ವಿಭಾಗಗಳು ಏರ್ಪಟ್ಟವು. ತಮಿಳುನಾಡಿನ ತಂಜಾವೂರು ಕಡೆ ತಿರುಚ್ಚಿ ಕೇಂದ್ರದಿಂದ ಪ್ರಚಾರ ಪಡೆದ ಹೊಸ ತಳಿಯ ಬತ್ತಕ್ಕೆ ರೈತರು 'ರೇಡಿಯೋ ಬತ್ತ'ವೆಂದೇ ಹೆಸರಿಟ್ಟರು. ಬಾನುಲಿಯ ಮಾತು ಬೆಳೆ ಬೆಳೆಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ರಾಜಕೀಯದ ಬಾಗಿಲು ತೆರೆದ ಬಗೆಯೂ ಹೇಳುವಂಥದು. 1975ರ ಜೂನ್ 26ರ ಬೆಳಗ್ಗೆ ಪ್ರಧಾನಿ ಇಂದಿರಾ ಗಾಂಧಿಯವರು ತುರ್ತುಪರಿಸ್ಥಿತಿಯನ್ನು ಬಾನುಲಿಯಲ್ಲಿ ತಿಳಿಸಿದರು. ಮುಂದೆ ಹತ್ತೊಂಬತ್ತು ಇಪ್ಪತ್ತು ತಿಂಗಳು ದೇಶ ಒಂದೇ ದನಿ ಕೇಳಿತು. ಆಮೇಲೆ 1977ರ ಚುನಾವಣೆಗಳಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಆಕಾಶವಾಣಿಯಲ್ಲಿ ಮಾತಾಡಲು ಮೊದಲ ಬಾರಿ ಸಮಯ ಹಂಚಿಕೊಟ್ಟರು. ಆಳುವವರನ್ನು ಎದುರಿಸಿ ಮಾತಾಡುವವರ ದನಿ ಅದೇ ಪೆಟ್ಟಿಗೆಯಿಂದ ಬಂದಾಗ ಕಟ್ಟೆಯ ಮೇಲೆ ಹರದೇಶಿ, ನಾಗೇಶಿಗಳ ನೆನಪು ಯಾರಿಗಾದರೂ ಬಂದಿದ್ದರೆ ಸಹಜವೇ. ಆದರೆ ಅಲ್ಲಿಯೂ ಮಾತಾಡಿದವರು ಪಕ್ಷಗಳ ಮುಖಂಡರು. ಮತದಾರನು ಕೇಳುಗನಾಗಿಯೇ ಉಳಿದನು.

ಉಳಿದ ಇತಿಹಾಸ ಹತ್ತಿರದ್ದು, ನಿಮಗೂ ತಿಳಿದದ್ದು. 1980ರ ದಶಕದ ನಡುವಿಗೆ ರೇಡಿಯೋ ಲೈಸೆನ್ಸು ಹೋಯಿತು. 1995ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಸಾರದ ಅಲೆಗಳು ಸಾರ್ವಜನಿಕ ಸೊತ್ತೆಂದು ತೀರ್ಪಿತ್ತಿತು. 1997ರಲ್ಲಿ ಪ್ರಸಾರ ಭಾರತಿ ಏರ್ಪಟ್ಟಿತು. ದೂರವಾಣಿ ಮನೆಮನೆಗೆ ಬಂದ ಮೇಲೆ ನೇರ ಫೋನ್ ಕಾರ್ಯಕ್ರಮಗಳು ಬಂದವು. ಬರೆದು ಒಪ್ಪಿಸದ ಮಾತು ಮೊದಲ ಸಲ ಹಳ್ಳಿಯಿಂದ ಕೇಂದ್ರಕ್ಕೆ, ಕೇಂದ್ರದಿಂದ ನಾಡಿಗೆ ಹೋಯಿತು. ಕೋಲಾರದ ಕಡೆಯ ಬೂದಿಕೋಟೆಯ ಜನ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಗಾಳಿಯಲ್ಲಿ ಪ್ರಸಾರ ಮಾಡಲು ಪರವಾನಗಿ ಇಲ್ಲದ್ದರಿಂದ, 'ನಮ್ಮ ಧ್ವನಿ' ಎಂಬ ತಮ್ಮ ಊರ ಕೇಂದ್ರದ ಮಾತನ್ನು ಟಿ.ವಿ.ಯ ಕೇಬಲ್ ತಂತಿಯಲ್ಲಿಯೇ ಮನೆಗಳಿಗೆ ಹರಿಸಿದರು. 2006ರಲ್ಲಿ ಸರ್ಕಾರ ಸಮುದಾಯ ಬಾನುಲಿಗೆ ಹೊಸ ನೀತಿ ಮಾಡಿ ಸಂಘ ಸಂಸ್ಥೆಗಳಿಗೂ ಪರವಾನಗಿ ಕೊಡಲೊಪ್ಪಿತು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯವರ 'ವೇಣುಧ್ವನಿ' ಅಂಥದೊಂದು. ಇಂಥ ಕೇಂದ್ರಗಳ ದನಿ ಸಾಮಾನ್ಯವಾಗಿ ಹತ್ತು ಹದಿನೈದು ಕಿಲೋಮೀಟರಿನ ಆಚೆ ಹೋಗದು. ಸುದ್ದಿ, ವರ್ತಮಾನದ ವಿದ್ಯಮಾನ, ರಾಜಕೀಯ ಇವುಗಳನ್ನು ತಮ್ಮ ಕಾರ್ಯಕ್ರಮಗಳಲ್ಲಿ ತರಬಾರದೆಂದು ಅದೇ 2006ರ ನೀತಿ ಅವುಗಳಿಗೆ ಕಟ್ಟುಮಾಡಿತು. 1956ರ ಗೋಷ್ಠಿಗೆ ಹಾಕಿದ ಬೇಲಿಯ ಗೂಟಗಳು ಐವತ್ತು ವರ್ಷ ಕಳೆದರೂ ನೆಟ್ಟಲ್ಲಿಯೇ ಇದ್ದವು.

ಕಡೆಯದಾಗಿ, ಹಳೆಯ ಶಾಲೆಗಳಿರುವ ಊರಿನ ಓದುಗರಲ್ಲಿ ಒಂದು ಬೇಡಿಕೆ. ಗ್ರಾಮ ಗೋಷ್ಠಿ ನಡೆದ ಊರುಗಳಲ್ಲಿ ಸಂಚಾಲಕರು ಚರ್ಚೆಯ ಟಿಪ್ಪಣಿ ಇಡಬೇಕಾಗಿತ್ತೆಂದು ಮೇಲೆ ಹೇಳಿದೆನಷ್ಟೆ. ಯಾರು ಏನು ಕೇಳಿದರು, ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬುದಕ್ಕೆ ಆ ವಹಿಗಳೇ ಸಾಕ್ಷಿ. ಕೇಂದ್ರಗಳ ಕಡತದಲ್ಲಿ ಹೇಳಿದವರ ಮಾತು ಉಳಿದೀತೇ ಹೊರತು ಕೇಳಿದವರ ಮಾತು ಉಳಿಯುವುದು ಕಷ್ಟ. ಶಾಲೆಯ ಹಳೆಯ ಕಪಾಟು, ಪಂಚಾಯತಿಯ ಅಟ್ಟ, ನಿವೃತ್ತ ಮಾಸ್ತರರ ಮನೆಯ ಟ್ರಂಕು, ಇವುಗಳಲ್ಲೆಲ್ಲಾದರೂ 1960ರ ಸುಮಾರಿನ ಅಂಥ ವಹಿ ಕಣ್ಣಿಗೆ ಬಿದ್ದರೆ ರದ್ದಿಗೆ ಹಾಕಬೇಡಿರಿ. ಗೆದ್ದಲು ಹಿಡಿಯುವ ಮೊದಲು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗದವರಿಗಾದರೂ ತೋರಿಸಿರಿ.